ಚದರದ ಲೆಕ್ಕ, ಮಾತಿನ ಲೆಕ್ಕ

‘ಆಗುತ್ತೆ ಬಿಡಿ ಸಾರ್.’ ಮೈಸೂರಿನಲ್ಲಿ ಮನೆ ಕಟ್ಟಿಸುವವರು ದಿನಕ್ಕೆ ನಾಲ್ಕು ಸಲ ಕೇಳುವ ಮಾತು. ಹೇಳುವ ಮೇಸ್ತ್ರಿಗೆ ಸಾಮಾನ್ಯವಾಗಿ ಮೋಸದ ಉದ್ದೇಶ ಇರುವುದಿಲ್ಲ, ಎದುರಿಗಿರುವವರಿಗೆ ‘ಆಗಲ್ಲ’ ಅನ್ನಲು ದಾಕ್ಷಿಣ್ಯ. ಅವರು ಹೇಳಿದ್ದು ‘ನೋಡ್ತೀನಿ’ ಎಂದು, ಮಾಲೀಕರು ಕೇಳಿಸಿಕೊಂಡಿದ್ದು ‘ಒಪ್ಪಿದೆ’ ಎಂದು. ಬೋಗಾದಿಯಲ್ಲೋ ದಟ್ಟಗಳ್ಳಿಯಲ್ಲೋ ಅರ್ಧಕ್ಕೆ ನಿಂತ ಮನೆಯ ಜಗಳವನ್ನು ಬಿಡಿಸುತ್ತ ಹೋದರೆ ಬುಡದಲ್ಲಿ ಇಂಥದ್ದೇ ಒಂದು ಮಾತು ಸಿಗುತ್ತದೆ.

ಮೊದಲು ಚದರದ ವಿಷಯ. ನೂರು ಚದರಡಿ ಅಂದರೆ ಒಂದು ಚದರ, ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಬರುವುದು ಏನೇನು ಚದರಕ್ಕೆ ಸೇರುತ್ತದೆ ಅನ್ನುವಲ್ಲಿ. ಮೂವತ್ತು ನಲವತ್ತರ ಸೈಟಿನಲ್ಲಿ ಮಹಡಿಗೆ 9ರಂತೆ ಎರಡು ಮಹಡಿ, 18 ಚದರ ಎಂದಿಟ್ಟುಕೊಳ್ಳಿ. ಕಾರು ನಿಲ್ಲಿಸುವ ಪೋರ್ಟಿಕೊ 10ಕ್ಕೆ 12 ಅಡಿ, ಅಂದರೆ 1.2 ಚದರ. ಮೆಟ್ಟಿಲ ಮೇಲಿನ ಹೆಡ್‌ರೂಮ್ 8ಕ್ಕೆ 10, ಅದು 0.8. ಎರಡೂ ಸೇರಿ 2 ಚದರ. ಚದರಕ್ಕೆ 2 ಲಕ್ಷ ಎಂದು ಮಾತಾಗಿದ್ದರೆ ಇಲ್ಲೇ 4 ಲಕ್ಷ. ಇವಕ್ಕೆ ಪೂರ್ತಿ ದರವೇ, ಅರ್ಧ ದರವೇ, ಲೆಕ್ಕಕ್ಕೇ ಇಲ್ಲವೇ ಎಂದು ಪಾಯ ತೆಗೆಯುವ ಮೊದಲೇ ಕೇಳಿದರೆ ಹತ್ತು ನಿಮಿಷದ ಮಾತು. ಕೊನೆಯ ಬಿಲ್ಲಿನ ದಿನ ಕೇಳಿದರೆ ಇಬ್ಬರಿಗೂ ‘ಇವರು ಮೊದಲಿಂದ ಇದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು’ ಅನ್ನಿಸುತ್ತದೆ. ಅಲ್ಲಿಂದಾಚೆ ಸರಿಯಾದ ಲೆಕ್ಕವೂ ಸುಳ್ಳಾಗಿಯೇ ಕಾಣುತ್ತದೆ.

ಆದ್ದರಿಂದ ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ: ದರದೊಳಗೆ ಸೇರಿದ್ದು, ಸೇರದ್ದು. ಎರಡನೆಯದೇ ಮುಖ್ಯ. ಸಂಪು, ಕಾಂಪೌಂಡು, ಗೇಟು, ಸಜ್ಜದ ಕೆಳಗಿನ ಕಡಪ ಕಲ್ಲು, ಕೆಲಸಕ್ಕೆ ಬೇಕಾದ ನೀರು, ಕರೆಂಟಿನ ಬಿಲ್ಲು, ಎಲ್ಲಕ್ಕೂ ಒಂದು ಜಾಗ ಸಿಗಬೇಕು. ‘ಸಂಪು’ ಎಂದಷ್ಟೇ ಬರೆದರೆ ಸಾಲದು. ಉದ್ದ 6, ಅಗಲ 6, ಆಳ 8 ಅಡಿ, ಸುಮಾರು 8,000 ಲೀಟರ್ ಎಂದು ಬರೆಯಿರಿ. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ‘ಬರೆಸಿಕೊಂಡರೆ ನಂಬಿಕೆ ಇಲ್ಲ ಅಂದುಕೊಳ್ತಾರೆ’ ಎಂದು ಹಿಂಜರಿಯುವವರೇ ಹೆಚ್ಚು. ನೆನಪಿನ ಮೇಲೆ ಭಾರ ಹಾಕದಿದ್ದರೆ ನಂಬಿಕೆಗೆ ಪೆಟ್ಟು ಬೀಳುವುದಿಲ್ಲ, ಅಷ್ಟೇ.

ಮಾತೇ ಆಡದೆ ಕೆಡುವುದೂ ಉಂಟು. ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟು ಹಾಕಿದ ಮರುದಿನದಿಂದ ನೀರು ಹೊಡೆಯುವವರು ಯಾರು? ಮಾಲೀಕರು ಮೇಸ್ತ್ರಿಯ ಹುಡುಗರು ಎಂದುಕೊಂಡಿರುತ್ತಾರೆ, ಮೇಸ್ತ್ರಿ ಸೈಟಿನ ವಾಚ್‌ಮನ್ ಎಂದು. ಮಾಮೂಲಿ ಸಿಮೆಂಟಾದರೆ (ಒಪಿಸಿ) ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ಕಾಂಕ್ರೀಟು ಒಣಗಲು ಬಿಡಬಾರದು. ಚೈತ್ರ ವೈಶಾಖದ ಬಿಸಿಲಿಗೆ ಎರಡು ದಿನ ತಪ್ಪಿದರೂ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಮಾಲೀಕರು ಆ ಬಿರುಕು ನೋಡಿ ಸಿಮೆಂಟು ಕದ್ದರು ಅನ್ನುತ್ತಾರೆ. ಕದ್ದಿರುವುದಿಲ್ಲ, ಹೆಸರು ಹಿಡಿದು ಕೆಲಸ ಹಂಚಿರುವುದಿಲ್ಲ. ಮೋಲ್ಡಿನ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ದಿನಾ ಬೆಳಿಗ್ಗೆ ಒಂದು ಫೋಟೊ ವಾಟ್ಸ್ಆಪಿಗೆ ಹಾಕುವ ವ್ಯಕ್ತಿ ಯಾರೆಂದು ಮೊದಲೇ ಗೊತ್ತು ಮಾಡಿ.

ಕೆಟ್ಟ ಸುದ್ದಿ ಹೇಳುವುದರಲ್ಲಿ ನಮ್ಮ ಕಡೆಯವರು ತೀರಾ ಹಿಂದೆ. ಕಂಬಿ ಬರುವುದು ತಡವಾಯಿತು, ಕಂಬಿ ಕಟ್ಟುವ ಬಾರ್ ಬೆಂಡರ್ ಊರಹಬ್ಬಕ್ಕೆ ಹೋದ. ಮೇಸ್ತ್ರಿಗಳೇ, ಇದು ತಿಳಿದ ದಿನವೇ ಮಾಲೀಕರಿಗೆ ಫೋನ್ ಮಾಡಿ: ‘ಸಾರ್, ಗುರುವಾರದ ಮೋಲ್ಡ್ ಶನಿವಾರಕ್ಕೆ ಹೋಗುತ್ತೆ. ಕಂಬಿ ನಾಳೆ ಸಂಜೆ ಬರುತ್ತೆ, ಶುಕ್ರವಾರ ಹತ್ತು ಗಂಟೆಗೆ ಬಂದು ನೋಡ್ಬೋದು.’ ಏನು ಕೆಟ್ಟಿತು, ಹೊಸ ದಿನ ಯಾವುದು, ನೋಡಲು ಯಾವಾಗ ಬರಬಹುದು, ಮೂರೂ ಇದರಲ್ಲಿದೆ. ಮಾಲೀಕರು ಬೈಯಬಹುದು, ಬೈಯಲಿ. ಫೋನ್ ಎತ್ತದೆ ಎರಡು ದಿನ ಕಳೆದರೆ ಆಗುವ ಹಾನಿಗೆ ಹೋಲಿಸಿದರೆ ಆ ಬೈಗುಳ ಏನೇನೂ ಅಲ್ಲ.

ಮಾಲೀಕರ ಕಡೆಯೂ ಇದೇ ತಪ್ಪು ನಡೆಯುತ್ತದೆ. ಆಷಾಢಕ್ಕೆ ಮೊದಲೇ ಗೃಹಪ್ರವೇಶ ಆಗಬೇಕೆಂದು ಜೋಯಿಸರ ಹತ್ತಿರ ಮುಹೂರ್ತ ಇಡಿಸಿ, ಕಾರ್ಡು ಅಚ್ಚಿಗೆ ಕೊಟ್ಟಮೇಲೆ ಮೇಸ್ತ್ರಿಗೆ ತಿಳಿಸುತ್ತಾರೆ. ಗಾರೆ ಒಣಗುವ ಮುಂಚೆ ಬಣ್ಣ ಬಳಿಸಿದರೆ ಮಳೆಗಾಲದಲ್ಲಿ ಅದು ಹಪ್ಪಳದ ಹಾಗೆ ಏಳುತ್ತದೆ, ಆಗ ದೂರು ಪೇಂಟರಿನ ಮೇಲೆ. ಜೋಯಿಸರನ್ನು ಕೇಳುವ ಹಿಂದಿನ ದಿನ ಮೇಸ್ತ್ರಿಯನ್ನು ಕೇಳಿ.

ದುಡ್ಡಿನಲ್ಲೂ ಹಾಗೆಯೇ. ಮೇಸ್ತ್ರಿ ಕೂಲಿಯವರಿಗೆ ಬಟವಾಡೆ ಮಾಡುವುದು ಶನಿವಾರ ಸಂಜೆ. ‘ಸೋಮವಾರ ಹಾಕ್ತೀನಿ’ ಅನ್ನುವುದು ಮಾಲೀಕರಿಗೆ ಎರಡು ದಿನದ ಮಾತು, ಮೇಸ್ತ್ರಿಗೆ ಹನ್ನೆರಡು ಜನರ ಮುಂದೆ ತಲೆ ತಗ್ಗಿಸುವ ಮಾತು. ಶನಿವಾರ ಆಗುವುದಿಲ್ಲ ಎಂದಾದರೆ ಗುರುವಾರವೇ ಹೇಳಿ, ಅವರು ಬೇರೆ ಕಡೆ ಹೊಂದಿಸಿಕೊಳ್ಳುತ್ತಾರೆ.

ಮನೆಯ ಕೊನೆಯ ಹಂತ ಹಲವರಲ್ಲಿ ಕೈಸಾಲದಿಂದ ಮುಗಿಯುತ್ತದೆ. ಭಾವ 3 ಲಕ್ಷ ಕೊಟ್ಟರು, ‘ಮನೆ ಮುಗಿದ ಮೇಲೆ ಕೊಡ್ತೀನಿ’ ಎಂದು ಮಾತಾಯಿತು. ಮನೆ ಮುಗಿಯುವುದು ಯಾವ ದಿನ? ಗೃಹಪ್ರವೇಶವೇ, ಕಾಂಪೌಂಡು ಎದ್ದ ದಿನವೇ? ಭಾವ ಕೇಳುವುದಿಲ್ಲ, ಕೇಳಿದರೆ ಸಣ್ಣತನ. ಹಬ್ಬಕ್ಕೆ ಬಂದವರಿಗೆ ಹಾಲ್‌ನಲ್ಲಿ ಹೊಸ ಸೋಫಾ ಕಾಣುತ್ತದೆ. ಆ ಸೋಫಾ ಹಳೆಯ ಚೀಟಿ ದುಡ್ಡಿನದು ಎಂದು ಯಾರೂ ಹೇಳಲಿಲ್ಲ. ಮುಂದಿನ ಹಬ್ಬಕ್ಕೆ ಅವರು ಬರುವುದಿಲ್ಲ.

ಕೆಲವು ವಿನಾಯಿತಿ ಬಿಟ್ಟರೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ, ಆದ್ದರಿಂದ ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ. ಅಂದೇ ಮೊತ್ತ, ಕಂತು, ತಾರೀಖು ಬರೆದು ಕಳಿಸಿ: ತಿಂಗಳಿಗೆ 15,000ದಂತೆ 20 ತಿಂಗಳು, ಪ್ರತಿ ತಿಂಗಳ 5ಕ್ಕೆ. ಅಕ್ಕನಿಗೂ ಅದು ಗೊತ್ತಿರಲಿ. ಯಾವುದಾದರೂ ತಿಂಗಳು ಕೈ ಕಟ್ಟಿದರೆ 3ನೇ ತಾರೀಖೇ ಭಾವನಿಗೆ ಫೋನ್ ಮಾಡಿ: ‘ಭಾವ, ಈ ಸಲ 8 ಸಾವಿರ ಮಾತ್ರ ಹಾಕ್ತೀನಿ. ಬಾಕಿ 7 ಸೇರಿಸಿ ಮುಂದಿನ 5ಕ್ಕೆ 22.’ ಹೇಳಿದ ಮೇಲೆ, ಆ 8 ಸಾವಿರವನ್ನು 5ನೇ ತಾರೀಖಿನ ಬೆಳಿಗ್ಗೆಯೇ ಹಾಕಿ.