ಪದ ಪರಿಚಯ: ‘ಆಲ್ಫಾ’ ಗಂಡಸು

ಬೆಂಗಳೂರಿನ ಜಿಮ್‌ಗಳ ಗಾಜಿನ ಮೇಲೆ, ವಧೂವರರ ಜಾಲತಾಣಗಳ ಸ್ವಪರಿಚಯದಲ್ಲಿ, ವಾರಾಂತ್ಯದಲ್ಲಿ ‘ನಾಯಕತ್ವ’ ಕಲಿಸುವ ಶಿಬಿರಗಳ ಕರಪತ್ರಗಳಲ್ಲಿ, ಎಲ್ಲರ ಮೇಲೂ ಹಿಡಿತ ಸಾಧಿಸಿದ ಗಂಡಸು ಎಂಬ ಅರ್ಥದ ‘ಆಲ್ಫಾ’ ಎಂಬ ಪದವನ್ನು ಕಂಡೂ ಸುಮ್ಮನಿರುವುದು ಅಭ್ಯಾಸವಾಗಿತ್ತು. ಆದರೆ ಹೆಂಡತಿ ಮಾತನಾಡುತ್ತಿರುವಾಗ ಫೋನಿನಿಂದ ತಲೆಯೆತ್ತದಿರುವುದು ಆಲ್ಫಾ ಗಂಡಸಿನ ಲಕ್ಷಣ, ಇದು ತೋಳಗಳ ಅಧ್ಯಯನದಿಂದಲೇ ಸಾಬೀತಾಗಿದೆ ಎಂದು ಮೊನ್ನೆ ಕನ್ನಡದ ರೀಲ್ ಒಂದು ಘೋಷಿಸಿದ ಮೇಲೆ ಬರೆಯದೆ ವಿಧಿಯಿಲ್ಲ ಎನಿಸಿತು. ತೋಳಗಳ ಅಧ್ಯಯನ ಹೇಳಿರುವುದು ಬೇರೆಯದೇ ಸಂಗತಿ.

ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರವಾದ ‘ಆಲ್ಫಾ’ ಆ ಭಾಷೆಯ ಸ್ವಂತ ಪದವಲ್ಲ. ಅದು ಫಿನೀಷಿಯನ್ನರ ‘ಆಲೆಫ್’ನಿಂದ ಬಂದದ್ದು, ಆಲೆಫ್ ಎಂದರೆ ಎತ್ತು, ಅಕ್ಷರದ ಮೂಲ ಆಕಾರವೂ ಎತ್ತಿನ ತಲೆಯದೇ. ಇದನ್ನು ಹೋರಿ ಎಂದು ಓದಿಕೊಳ್ಳಬಯಸುವವರಿಗೆ ನನ್ನ ಅಡ್ಡಿಯಿಲ್ಲ. ಅಕ್ಷರವಾಗಿದ್ದದ್ದು ಮುಂದೆ ಎಣಿಕೆಯ ಗುರುತಾಯಿತು. 1603ರಲ್ಲಿ ಜರ್ಮನಿಯ ಯೋಹಾನ್ ಬೇಯರ್ ನಕ್ಷತ್ರಪುಂಜಗಳ ತಾರೆಗಳಿಗೆ ಗ್ರೀಕ್ ಅಕ್ಷರಗಳನ್ನು ಹಚ್ಚಿದಾಗ, ಬಹುಮಟ್ಟಿಗೆ ಪುಂಜದ ಅತಿ ಪ್ರಕಾಶಮಾನ ತಾರೆಗೆ ಆಲ್ಫಾ ದಕ್ಕಿತು. ಬಹುಮಟ್ಟಿಗೆ ಎಂದೆನೇ ಹೊರತು ಯಾವಾಗಲೂ ಎನ್ನಲಿಲ್ಲ: ನಮ್ಮ ರೈತರು ಯಾವ ಆರಿದ್ರ ಮಳೆಯ ಹೆಸರಿನಿಂದ ಬಲ್ಲರೋ ಆ ಆರ್ದ್ರಾ ನಕ್ಷತ್ರ ಮಹಾವ್ಯಾಧ (ಓರಿಯನ್) ಪುಂಜದ ಆಲ್ಫಾ, ಆದರೆ ಎರಡನೆಯ ಅಕ್ಷರವಾದ ಬೀಟಾ ಪಡೆದ ಅದೇ ಪುಂಜದ ರೀಗಲ್ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಹೊಳೆಯುತ್ತದೆ. ಇನ್ನು ಈ ಊರಿನ ಲಕ್ಷಾಂತರ ಜನರು ದಿನವೂ ದುಡಿಯುವ ಸಾಫ್ಟ್‌ವೇರ್ ಕಸುಬಿನಲ್ಲಿ ‘ಆಲ್ಫಾ ಆವೃತ್ತಿ’ ಎಂದರೆ ಇನ್ನೂ ಪೂರ್ಣಗೊಳ್ಳದ, ತಪ್ಪುಗಳಿಂದ ತುಂಬಿದ, ಹೊರಗಿನವರ ಕೈಗೆ ಕೊಡಲು ಯೋಗ್ಯವಲ್ಲದ ಸರಕು. ಬೀಟಾ ಆಗಬೇಕಾದರೆ ಅದು ಸುಧಾರಿಸಬೇಕು. ಹಗಲೆಲ್ಲ ಈ ಅರ್ಥದಲ್ಲಿ ಪದವನ್ನು ಬಳಸುವವರೇ ಸಂಜೆಯ ಹೊತ್ತಿಗೆ ಅದನ್ನು ಎದೆಯ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗುವುದು ಸೋಜಿಗ.

ಪ್ರಾಣಿಗಳ ಮೇಲುಕೀಳಿನ ಕ್ರಮವನ್ನು ಮೊದಲು ವ್ಯವಸ್ಥಿತವಾಗಿ ವಿವರಿಸಿದ್ದು ಕೋಳಿಗಳ ಗೂಡಿನಲ್ಲಿ. ನಾರ್ವೆಯ ಥೋರ್ಲೈಫ್ ಶೆಲ್ಡೆರಪ್-ಎಬ್ಬೆ 1921ರಲ್ಲಿ, ಯಾವ ಹೇಂಟೆ ಯಾವುದನ್ನು ಕುಕ್ಕುತ್ತದೆ, ಯಾವುದು ತಿರುಗಿ ಕುಕ್ಕದೆ ಜಾಗ ಬಿಡುತ್ತದೆ ಎಂಬುದನ್ನು ದಾಖಲಿಸಿದ. ಗಂಡಸುತನದ ಪುರಾವೆಯೆಂದು ಇಂದು ಮೆರೆಯುವ ಕಲ್ಪನೆಯ ಬೇರು ಹೆಣ್ಣುಕೋಳಿಗಳಲ್ಲಿದೆ. ತೋಳಗಳ ಸರದಿ ಬಂದದ್ದು 1947ರಲ್ಲಿ. ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದ ಪ್ರಬಂಧದಲ್ಲಿ ಹಿಂಡಿನ ಮೇಲ್ತುದಿಯಲ್ಲಿ ಒಂದು ಗಂಡು ಮತ್ತು ಒಂದು ಹೆಣ್ಣು ಇರುವುದನ್ನು ಗುರುತಿಸಿದ. ಆ ತೋಳಗಳಿದ್ದ ಆವರಣದ ಅಳತೆ 10 ಮೀಟರ್‌ಗೆ 20 ಮೀಟರ್. ಅಂದರೆ ನಮ್ಮ 30×40ರ ಎರಡು ಸೈಟುಗಳಿಗಿಂತ ಚಿಕ್ಕದು. ಅದರೊಳಗೆ ಪರಸ್ಪರ ಸಂಬಂಧವಿಲ್ಲದ, ಹೊರಗೆ ಹೋಗಲು ದಾರಿಯೂ ಇಲ್ಲದ ಹತ್ತರವರೆಗಿನ ತೋಳಗಳು. ಅವು ಕಚ್ಚಾಡಿದ್ದರಲ್ಲಿ ಆಶ್ಚರ್ಯವೇನು?

ಈ ಕಲ್ಪನೆಯನ್ನು ಸಾಮಾನ್ಯ ಓದುಗರಿಗೆ ತಲುಪಿಸಿದ್ದು ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1970ರಲ್ಲಿ ಪ್ರಕಟಿಸಿದ ಪುಸ್ತಕ. ಅದನ್ನು ಅಲ್ಲಗಳೆದವನೂ ಅವನೇ. 1986ರಿಂದ ಅನೇಕ ಬೇಸಿಗೆಗಳನ್ನು ಕೆನಡಾದ ಉತ್ತರದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ಸನಿಹದಲ್ಲೇ ಕಳೆದ ಮೆಕ್, 1999ರ ಪ್ರಬಂಧದಲ್ಲಿ ಕಾಡಿನ ಹಿಂಡು ಎಂದರೆ ಸಾಮಾನ್ಯವಾಗಿ ಒಂದು ಸಂಸಾರ ಎಂದು ಸ್ಪಷ್ಟಪಡಿಸಿದ: ಅಪ್ಪ, ಅಮ್ಮ, ಮರಿಗಳು, ಇನ್ನೂ ಮನೆ ಬಿಟ್ಟು ಹೋಗದ ಹಿಂದಿನ ವರ್ಷಗಳ ಮಕ್ಕಳು. ಅಲ್ಲಿ ಯಾರೂ ಯಾರನ್ನೂ ಸೋಲಿಸಿ ಪಟ್ಟವೇರುವುದಿಲ್ಲ. ಬೆಳೆದು, ಜೊತೆಯನ್ನು ಹುಡುಕಿಕೊಂಡು, ಮರಿ ಹಾಕಿದ ತೋಳ ತನ್ನ ಸಂಸಾರದ ಹಿರಿಯನಾಗುತ್ತದೆ. ಬೇಟೆಯಿಂದ ಮರಳಿದ ಗಂಡು ತೋಳವನ್ನು ಮರಿಗಳು ಮುತ್ತಿಕೊಂಡು ಅದರ ಬಾಯಿಯನ್ನು ನೆಕ್ಕುತ್ತವೆ. ಅದು ನುಂಗಿ ತಂದ ಮಾಂಸವನ್ನು ಕಕ್ಕಿ ಅವುಗಳಿಗೆ ಉಣಿಸುತ್ತದೆ. ಈ ದೃಶ್ಯವನ್ನು ಯಾವ ರೀಲಿನಲ್ಲೂ ನಾನು ಕಂಡಿಲ್ಲ. ತನ್ನ ಹಳೆಯ ಪುಸ್ತಕದ ಮುದ್ರಣವನ್ನು ನಿಲ್ಲಿಸುವಂತೆ ಮೆಕ್ ಪ್ರಕಾಶಕರನ್ನು ವರ್ಷಗಟ್ಟಲೆ ಕೇಳಿಕೊಳ್ಳಬೇಕಾಯಿತು. ಅದು ನಿಂತದ್ದು 2022ರಲ್ಲಿ.

ವಾನರಗಳ ವಿಷಯದಲ್ಲಿ ಪದ ಇನ್ನೂ ಚಾಲ್ತಿಯಲ್ಲಿದೆ, ಸಕಾರಣವಾಗಿಯೇ. ಆದರೆ ಚಿಂಪಾಂಜಿಗಳ ಬಗ್ಗೆ ಅದನ್ನು ಜನಪ್ರಿಯಗೊಳಿಸಿದ ವಾನರತಜ್ಞ ಫ್ರಾನ್ಸ್ ಡಿ ವಾಲ್, ಮಿತ್ರರನ್ನು ಗಳಿಸಿಕೊಂಡ ಸಣ್ಣ ಮೈಕಟ್ಟಿನ ಗಂಡೂ ಆಲ್ಫಾ ಆಗಬಲ್ಲದು, ಒಳ್ಳೆಯ ಆಲ್ಫಾ ಜಗಳ ಬಿಡಿಸಿ ನೊಂದವರನ್ನು ಸಂತೈಸುತ್ತದೆ ಎಂದು ಹೇಳುತ್ತಲೇ ಬಂದ. ಚಿಂಪಾಂಜಿಗಳ ಹತ್ತಿರದ ಬಂಧುಗಳಾದ ಬೊನೊಬೊಗಳಲ್ಲಂತೂ ಮೇಲುಗೈ ಹೆಣ್ಣುಗಳದ್ದು.

ಮನುಷ್ಯರ ನಡುವೆ ಪದ ಹಬ್ಬಿದ ಬಗೆಯನ್ನು ಹೆಚ್ಚು ವಿವರಿಸಬೇಕಿಲ್ಲ. ಮೆಕ್ ತಿದ್ದುಪಡಿ ಪ್ರಕಟಿಸಿದ 1999ರಲ್ಲೇ, ಅಮೆರಿಕದ ಅಧ್ಯಕ್ಷ ಪದವಿಗೆ ಹೊರಟಿದ್ದ ಆಲ್ ಗೋರ್ ಅವರಿಗೆ ಬೀಟಾತನ ಬಿಟ್ಟು ಆಲ್ಫಾ ಆಗುವ ಸಲಹೆ ಸಿಕ್ಕಿದೆ ಎಂದು ಟೈಮ್ ವಾರಪತ್ರಿಕೆ ವರದಿ ಮಾಡಿತು. ಅಲ್ಲಿಂದ ಹೆಣ್ಣನ್ನು ಒಲಿಸಿಕೊಳ್ಳುವುದನ್ನು ಕಲಿಸುವವರ ಕೈಗೆ, ಅವರಿಂದ ಇನ್‌ಫ್ಲುಯೆನ್ಸರ್‌ಗಳ ಕೈಗೆ. 2022ರಲ್ಲಿ ಆಂಡ್ರ್ಯೂ ಟೇಟ್ ಎಂಬಾತನ ವೀಡಿಯೊ ತುಣುಕುಗಳು ಜಗತ್ತಿನ ಫೋನುಗಳನ್ನೆಲ್ಲ ತುಂಬಿದ್ದಕ್ಕೆ ಅವನ ‘ಆಲ್ಫಾತನ’ ಕಾರಣವಾಗಿರಲಿಲ್ಲ. ಹಣ ಕಟ್ಟಿ ಅವನ ಕೋರ್ಸಿಗೆ ಸೇರಿದವರು ಆ ತುಣುಕುಗಳನ್ನು ಹಂಚಿ ಹೊಸಬರನ್ನು ಸೇರಿಸಿದರೆ ಕಮಿಷನ್ ಪಡೆಯುವ ವ್ಯವಸ್ಥೆಯೊಂದಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳು ಅವನನ್ನು ಹೊರಹಾಕಿದವು. ನಮ್ಮಲ್ಲಿ 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ ಜುಲೈನಲ್ಲಿ ರೀಲ್ಸ್ ಬಂದಿದ್ದರಿಂದ, ಈ ಸರಕಿಗೆ ಅಂಗಡಿ ಮೊದಲೇ ತೆರೆದಿತ್ತು.

‘ಸಿಗ್ಮಾ’ ಎಂಬುದು ಇದರ ಮರಿ. ಹಿಂಡಿನ ಹಂಗಿಲ್ಲದ ಒಂಟಿಸಲಗ ಎಂಬ ಅರ್ಥದಲ್ಲಿ 2010ರ ಸುಮಾರಿಗೆ ಅಮೆರಿಕದ ಬ್ಲಾಗ್ ಒಂದರಲ್ಲಿ ಹುಟ್ಟಿದ ಈ ಪದಕ್ಕೆ ಪ್ರಾಣಿಶಾಸ್ತ್ರದ ತೋರಿಕೆಯ ಆಧಾರವೂ ಇಲ್ಲ. ಭಾನುವಾರ ಬೆಳಗ್ಗೆ ಚರ್ಚ್ ಸ್ಟ್ರೀಟಿಗೆ ಹೋದರೆ ಇದರ ತಯಾರಿಕೆಯನ್ನು ನೋಡಬಹುದು. ಕಪ್ಪು ಕೋಟಿನ ಹುಡುಗ ಯಾರನ್ನೂ ಲೆಕ್ಕಿಸದವನಂತೆ ನಡೆದು ಬರುತ್ತಾನೆ. ಎದುರಿಗೆ ಗೆಳೆಯನೊಬ್ಬ ಫೋನು ಅಲುಗದಂತೆ ನೋಡಿಕೊಳ್ಳುವ ಗಿಂಬಲ್ ಹಿಡಿದು ಹಿಮ್ಮುಖವಾಗಿ ಹೆಜ್ಜೆಯಿಡುತ್ತಾನೆ, ಇನ್ನೊಬ್ಬ ದಾರಿಹೋಕರನ್ನು ಕೈಮುಗಿದು ನಿಲ್ಲಿಸುತ್ತಾನೆ, ಮೂರನೆಯವನ ಹೆಗಲಿಗೆ ಎಲ್ಲರ ಬ್ಯಾಗು. ‘ಲೋ, ನಗ್ಬೇಡ್ವೋ, ಇನ್ನೊಂದ್ ಸಲ’ ಎಂಬ ಕೂಗಿಗೆ ಒಂಟಿಸಲಗ ಕೂದಲು ಸರಿಮಾಡಿಕೊಂಡು ಹಿಂದಕ್ಕೆ ಓಡುತ್ತದೆ.

ನನ್ನ ತಕರಾರು ಆ ಹುಡುಗರ ಮೇಲಲ್ಲ. ಪ್ರಾಣಿಶಾಸ್ತ್ರದಲ್ಲಿ ಆಲ್ಫಾ ಎಂಬುದು ಒಂದು ನಿರ್ದಿಷ್ಟ ಗುಂಪಿನಲ್ಲಿ, ಒಂದು ನಿರ್ದಿಷ್ಟ ಕಾಲದಲ್ಲಿ ಇರುವ ಸ್ಥಾನ. ಗುಂಪು ಬದಲಾದರೆ ಸ್ಥಾನವೂ ಹೋಗುತ್ತದೆ. ಕಚೇರಿಯಲ್ಲಿ ಎಲ್ಲರನ್ನೂ ನಡುಗಿಸುವ ಮ್ಯಾನೇಜರು ಮನೆಯಲ್ಲಿ ಅತ್ತೆಯ ಮುಂದೆ ಪಿಟ್ಟೆನ್ನದಿರುವುದನ್ನು ನಾವೆಲ್ಲ ಬಲ್ಲೆವು. ಸ್ಥಾನವನ್ನು ಹುಟ್ಟುಗುಣವೆಂದು, ಗುರುತೆಂದು ತಿರುಚಿದ್ದರಲ್ಲಿ ವ್ಯಾಪಾರವಿದೆ, ಏಕೆಂದರೆ ಸ್ಥಾನವನ್ನು ಮಾರಲಾಗದು, ಗುಣವನ್ನು ಬೆಳೆಸಿಕೊಡುತ್ತೇವೆಂದು ಕೋರ್ಸು, ಪುಡಿ, ಮಾತ್ರೆಗಳನ್ನು ಮಾರಬಹುದು. ಆರೋಗ್ಯತಜ್ಞರಂತೆ ಸಲಹೆ ನೀಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಟೆಸ್ಟೋಸ್ಟಿರೋನ್ ಹೆಚ್ಚಿಸುವ ಪುಡಿಯ ಡಬ್ಬಿ ಹಿಡಿದವರಲ್ಲಿ ಇದನ್ನು ಪಾಲಿಸುವವರನ್ನು ಹುಡುಕಬೇಕು.

ಹೆಣ್ಣಿಗೆ ಈ ಪದ ಅಂಟುವ ಪರಿಯೇ ಬೇರೆ. ಸಭೆಯಲ್ಲಿ ತನ್ನ ಮಾತನ್ನು ಪೂರ್ತಿಗೊಳಿಸುವ ಹೆಂಗಸಿಗೆ ‘ಆಲ್ಫಾ ಫೀಮೇಲ್’ ಎನ್ನುವವರು ಅದನ್ನು ಹೊಗಳಿಕೆ ಎಂದುಕೊಂಡಿರಬಹುದು. ಅವರ ಅಜ್ಜಂದಿರು ಅಲ್ಲಿ ‘ಗಂಡುಬೀರಿ’ ಎನ್ನುತ್ತಿದ್ದರು, ಮತ್ತು ತಾವು ಬೈಯುತ್ತಿದ್ದೇವೆಂಬುದು ಅವರಿಗಾದರೂ ಗೊತ್ತಿತ್ತು.

ಚಿಂಪಾಂಜಿಗಳ ಬಗ್ಗೆ ಬರೆಯುವವರು ‘ಆಲ್ಫಾ’ವನ್ನು ಧಾರಾಳವಾಗಿ ಬಳಸಲಿ. 1974ರಲ್ಲಿ ತೋಳಗಳ ರಕ್ಷಣೆಗಾಗಿ ಘೋಷಿತವಾದ ಮೇಲುಕೋಟೆ ವನ್ಯಧಾಮದ ಬಗ್ಗೆ ಬರೆಯುವವರು ‘ಹಿಂಡಿನ ಹಿರಿಯ ಜೋಡಿ’ ಎಂದರೆ ಸಾಕು. ಮನುಷ್ಯರಿಗೆ ನಮ್ಮಲ್ಲಿ ಧೈರ್ಯವಂತ, ಮುಂದಾಳು, ಹಟಮಾರಿ, ಜಂಬಗಾರ, ಒರಟ ಎಂಬ ಪದಗಳಿವೆ. ಇವುಗಳಲ್ಲಿ ಯಾವುದನ್ನು ಹೇಳಬೇಕಾಗಿದೆ ಎಂಬುದನ್ನು ಬರೆಯುವವರು ಮೊದಲು ತಾವೇ ತೀರ್ಮಾನಿಸಿಕೊಳ್ಳಬೇಕು. ಮೇಲೆ ಹೇಳಿದ ರೀಲಿನ ಗಂಡನಿಗೆ ಐದನೆಯದು ಸರಿಹೊಂದುತ್ತದೆ.