ಟ್ಯಾಂಕ್ ಫುಲ್, ಮುಳ್ಳು ಅರ್ಧಕ್ಕೆ: ಹಳೆ ಜೀಪಿನ ಫ್ಯೂಯಲ್ ಗೇಜ್ ಪರೀಕ್ಷೆ

ಬಂಕಿನಲ್ಲಿ ಕತ್ತಿನವರೆಗೆ ಡೀಸೆಲ್ ತುಂಬಿಸಿಕೊಂಡು ಬಂದ ಜೀಪು. ಕೀ ಆನ್ ಮಾಡಿದರೆ ಮುಳ್ಳು ಮೆಲ್ಲಗೆ ಎದ್ದು ಅರ್ಧದ ಹತ್ತಿರ ನಿಂತುಬಿಡುತ್ತದೆ. ಮಂಡ್ಯದ ಹತ್ತಿರದ ಊರಿನಲ್ಲಿ ನಮ್ಮ ಚಿಕ್ಕಪ್ಪ ಗದ್ದೆ ಕೆಲಸಕ್ಕೆ ಇಟ್ಟುಕೊಂಡಿರುವ ಹಳೆಯ ಜೀಪು ಅದು. ಎರಡು ಸಲ ಟ್ಯಾಂಕ್ ಯೂನಿಟ್ (ಟ್ಯಾಂಕಿನೊಳಗೆ ಕೂತು ಇಂಧನದ ಮಟ್ಟ ಅಳೆಯುವ ಭಾಗ) ಬದಲಾಯಿಸಿ ದುಡ್ಡು ಕೊಟ್ಟಿದ್ದರು, ಮುಳ್ಳು ಮಾತ್ರ ಜಗ್ಗಿರಲಿಲ್ಲ. ಕೊನೆಗೆ ತಪ್ಪು ಸಿಕ್ಕಿದ್ದು ಟ್ಯಾಂಕಿನ ಹೊರಗೆ, ತುಕ್ಕು ಹಿಡಿದ ಒಂದು ಬೋಲ್ಟಿನ ಕೆಳಗೆ. ಆಟೋ ಎಲೆಕ್ಟ್ರಿಕಲ್ ಕೆಲಸ ಕಲಿಯುತ್ತಿರುವ ನನ್ನಂಥವರಿಗೆ ಉಪಯೋಗವಾಗಲಿ ಎಂದು ಅದನ್ನು ಹುಡುಕಿದ ದಾರಿಯನ್ನು ಬರೆದಿಡುತ್ತಿದ್ದೇನೆ.

ಮೊದಲು ತಲೆಗೆ ಹೋಗಬೇಕಾದ ವಿಷಯ ಒಂದಿದೆ. ಮುಳ್ಳು ಡೀಸೆಲ್ಲನ್ನು ನೋಡುವುದೇ ಇಲ್ಲ. ಅದು ನೋಡುವುದು ತನ್ನ ಮೂಲಕ ಹರಿಯುವ ಕರೆಂಟನ್ನು. ಕೀಯಿಂದ ಬಂದ ಕರೆಂಟು ಗೇಜಿನೊಳಗೆ ಹಾದು, ಉದ್ದನೆಯ ಒಂದೇ ವಯರಿನಲ್ಲಿ ಟ್ಯಾಂಕ್ ಯೂನಿಟ್ಟಿಗೆ ಬಂದು, ಅಲ್ಲಿನ ರೆಸಿಸ್ಟೆನ್ಸ್ (ಕರೆಂಟಿಗೆ ಆಗುವ ತಡೆ, ಅದರ ಅಳತೆ ಓಮ್) ದಾಟಿ, ಯೂನಿಟ್ಟಿನ ಬಾಡಿಯಿಂದ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಚಾಸಿಯಿಂದ ಬ್ಯಾಟರಿ ಮೈನಸ್ಸಿಗೆ ಹೋಗುತ್ತದೆ. ಚಾಸಿಯ ಮೂಲಕ ಹಿಂದಿರುಗುವ ಈ ದಾರಿಗೇ ಅರ್ತ್ ಅನ್ನುವುದು. ಇಂಧನದ ಮೇಲೆ ತೇಲುವ ಫ್ಲೋಟು ಏರಿಳಿದಾಗ ಒಂದು ಸಣ್ಣ ತೋಳು ನಿಕ್ರೋಮ್ ತಂತಿ ಸುತ್ತಿದ ಪಟ್ಟಿಯ ಮೇಲೆ ಜಾರುತ್ತದೆ, ರೆಸಿಸ್ಟೆನ್ಸ್ ಬದಲಾಗುತ್ತದೆ. ದಾರಿಯಲ್ಲಿ ಎಲ್ಲೇ ತುಕ್ಕು ಕೂತರೂ ಆ ತುಕ್ಕಿನ ರೆಸಿಸ್ಟೆನ್ಸೂ ಲೆಕ್ಕಕ್ಕೆ ಸೇರುತ್ತದೆ. ಗೇಜಿಗೆ ತುಕ್ಕು ಯಾವುದು, ಇಂಧನ ಯಾವುದು ಅಂತ ಗೊತ್ತಾಗುವುದಿಲ್ಲ.

ಅಮೆರಿಕದ ಹಳೆ ಸಿ.ಜೆ. ಜೀಪುಗಳ ಅಳತೆಯನ್ನೇ ತೆಗೆದುಕೊಳ್ಳೋಣ. ಟ್ಯಾಂಕು ಖಾಲಿ ಇದ್ದಾಗ ಯೂನಿಟ್ ಸುಮಾರು 73 ಓಮ್, ಅರ್ಧಕ್ಕೆ ಸುಮಾರು 23, ತುಂಬಿದಾಗ ಸುಮಾರು 10. ಅಂದರೆ ಓಮ್ ಕಡಿಮೆಯಾದಷ್ಟೂ ಮುಳ್ಳು ಮೇಲೆ. ಈಗ ಅರ್ತಿನಲ್ಲಿ 15 ಓಮಿನಷ್ಟು ತುಕ್ಕು ಕೂತಿದೆ ಅಂದುಕೊಳ್ಳಿ. ತುಂಬಿದ ಟ್ಯಾಂಕಿನ 10ಕ್ಕೆ 15 ಸೇರಿ 25 ಆಯಿತು, ಗೇಜು ಅರ್ಧ ಅನ್ನುತ್ತದೆ. ಖಾಲಿಯಾಗುವ ಹೊತ್ತಿಗೆ 73ಕ್ಕೆ 15 ಸೇರಿ 88. ಮುಳ್ಳು ಹೇಗೂ ಕೆಳಗೇ ಇರುತ್ತದೆ, ಅಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಫುಲ್ ಮುಟ್ಟದ, ಆದರೆ ಖಾಲಿಯನ್ನು ಸರಿಯಾಗಿಯೇ ತೋರಿಸುವ ಗೇಜು ಕಂಡರೆ ನಾನು ಮೊದಲು ಅರ್ತಿನ ಮೇಲೆ ಅನುಮಾನ ಪಡುತ್ತೇನೆ. ಈ ಕೂಡುವ ಲೆಕ್ಕ ಒಂದು ಸಲ ಕೈಯಲ್ಲಿ ಬರೆದು ನೋಡಿ, ಮತ್ತೆ ಮರೆಯುವುದಿಲ್ಲ.

ಎಲ್ಲ ಗಾಡಿಗೂ ಇದೇ ಅಂಕಿ ಅಲ್ಲ. ಯುರೋಪಿನ ವಿ.ಡಿ.ಓ. ಮಾದರಿಯಲ್ಲಿ ಖಾಲಿಗೆ 10, ಫುಲ್ಲಿಗೆ 180, ಅಂದರೆ ದಿಕ್ಕೇ ಉಲ್ಟಾ. ಹಳೆಯ ಜನರಲ್ ಮೋಟಾರ್ಸ್ ಮಾದರಿಯಲ್ಲಿ ಖಾಲಿಗೆ 0, ಫುಲ್ಲಿಗೆ 90. ಹತ್ತು ಕೈ ಬದಲಾದ ಜೀಪಿನಲ್ಲಿ ಗೇಜು ಒಂದು ಕಡೆಯದು, ಯೂನಿಟ್ ಇನ್ನೊಂದು ಕಡೆಯದು ಇರಬಹುದು. ಡೀಸೆಲ್ ಹಾಕಿದಂತೆ ಮುಳ್ಳು ಇಳಿಯುತ್ತಿದ್ದರೆ ಇದೇ ಕಾರಣ, ಬೇರೆ ಹುಡುಕಬೇಡಿ.

ನನಗೆ ಕೆಲಸ ಕಲಿಸುತ್ತಿರುವ ಅಣ್ಣ ಹೇಳಿದ್ದು ಒಂದೇ ಮಾತು: "ಟ್ಯಾಂಕಿಗೆ ಕೈ ಹಾಕ್ಬೇಡ ಕಣ್ಲಾ, ಮೊದ್ಲು ವಯರ್ ಏನಂತದೆ ಕೇಳು."

ವಯರನ್ನು ಕೇಳುವುದು ಹೀಗೆ. ಟ್ಯಾಂಕ್ ಯೂನಿಟ್ ಮೇಲಿನ ವಯರ್ ಬಿಚ್ಚಿ, ಎಲ್ಲೂ ತಾಗದಂತೆ ಹಿಡಿದು, ಕೀ ಆನ್ ಮಾಡಿ. ಜೀಪಿನ ಮಾದರಿಯ ಗೇಜಾದರೆ ಮುಳ್ಳು ಖಾಲಿಗೆ ಬೀಳಬೇಕು. ಬೀಳದೆ ಫುಲ್ಲಿನಲ್ಲೇ ನಿಂತರೆ ವಯರ್ ದಾರಿಯಲ್ಲೆಲ್ಲೋ ಸವೆದು ಚಾಸಿಗೆ ತಾಗುತ್ತಿದೆ. ಕೀ ಆಫ್ ಮಾಡಿ, ಈಗ ವಯರಿನ ತುದಿಯನ್ನು ಚಾಸಿಯ ಒಳ್ಳೆ ಲೋಹಕ್ಕೆ ಕ್ಲಿಪ್ ಹಾಕಿ, ಮತ್ತೆ ಆನ್ ಮಾಡಿ. ಮುಳ್ಳು ಫುಲ್ಲಿಗೆ ಏರಬೇಕು. ಎರಡೂ ಆದರೆ ಗೇಜು, ವಯರ್ ಎರಡೂ ಕೆಲಸ ಮಾಡುತ್ತಿವೆ, ತಪ್ಪು ಟ್ಯಾಂಕಿನ ಕಡೆ. (0ರಿಂದ 90ರ ಮಾದರಿಯಲ್ಲಿ ಇದು ತಿರುಗುಮುರುಗು.) ನೇರವಾಗಿ ಅರ್ತ್ ಕೊಟ್ಟಾಗ ಮುಳ್ಳು ಫುಲ್ ದಾಟಿದ ಕೂಡಲೇ ಕೀ ತೆಗೆಯಿರಿ, ಹೆಚ್ಚು ಹೊತ್ತು ಬಿಟ್ಟರೆ ಒಳಗಿನ ಸುರುಳಿ ಸುಡಬಹುದು.

ಇದಕ್ಕಿಂತ ನನಗೆ ಇಷ್ಟವಾದ ಉಪಾಯ ಮೂರು ರೆಸಿಸ್ಟರ್ ಇಟ್ಟುಕೊಳ್ಳುವುದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ, ಮೈಮೇಲೆ ಅಂಕಿ ಅಚ್ಚಾಗಿರುವ ಬಿಳಿ ಸಿಮೆಂಟ್ ರೆಸಿಸ್ಟರುಗಳು: 10, 22, 68 ಓಮ್, 5 ವ್ಯಾಟ್. ವಯರಿಗೂ ಚಾಸಿಗೂ ಮಧ್ಯೆ ಒಂದೊಂದಾಗಿ ಸೇರಿಸಿದರೆ ಮುಳ್ಳು ಫುಲ್, ಅರ್ಧ, ಖಾಲಿಯ ಹತ್ತಿರ ನಿಲ್ಲಬೇಕು. ಗೇಜು ಸುಡುವ ಭಯವಿಲ್ಲ, ಮಧ್ಯದ ಅಳತೆಯೂ ಸಿಗುತ್ತದೆ. ಪ್ರತಿ ಸಲ ಅರ್ಧ ನಿಮಿಷ ಕಾಯಿರಿ. ಈ ಹಳೆ ಗೇಜುಗಳೊಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಬಿಸಿಯಾಗಿ ಬಾಗಿ ಮುಳ್ಳನ್ನು ತಳ್ಳುತ್ತದೆ, ಅದಕ್ಕೆ ಆತುರ ಗೊತ್ತಿಲ್ಲ.

ಮುಳ್ಳು ಅಲುಗಾಡದಿದ್ದರೆ ಇದೇ ಪರೀಕ್ಷೆಯನ್ನು ಗೇಜಿನ ಬೆನ್ನಿಗೇ ಮಾಡಿ. ಅಲ್ಲಿ ಸರಿಹೋದರೆ ನಡುವಿನ ವಯರ್ ಕಟ್ಟಾಗಿದೆ. ಅಲ್ಲೂ ಇಲ್ಲವೆಂದರೆ ಫ್ಯೂಸ್ ನೋಡಿ, ಗೇಜಿಗೆ ಸಪ್ಲೈ ಬರುತ್ತಿದೆಯೇ ನೋಡಿ.

ಇನ್ನೊಂದು ಸುಳಿವು ಪಕ್ಕದ ಟೆಂಪರೇಚರ್ ಗೇಜಿನಲ್ಲಿದೆ. ಬಹಳಷ್ಟು ಹಳೆ ಗಾಡಿಗಳಲ್ಲಿ ಎರಡಕ್ಕೂ ಕರೆಂಟು ಒಂದೇ ವೋಲ್ಟೇಜ್ ಸ್ಟೆಬಿಲೈಸರಿನಿಂದ ಬರುತ್ತದೆ. ಅಮೆರಿಕದ ಮಾದರಿಯಲ್ಲಿ ಸರಾಸರಿ 5 ವೋಲ್ಟ್, ಬ್ರಿಟಿಷ್ ಮಾದರಿಯಲ್ಲಿ 10. ಎರಡೂ ಮುಳ್ಳು ಒಟ್ಟಿಗೆ ಮೇಲೇರಿದ್ದರೆ ಟ್ಯಾಂಕಿನ ಕಡೆ ತಿರುಗಿಯೂ ನೋಡಬೇಡಿ. ಸ್ಟೆಬಿಲೈಸರಿನ ಸ್ವಂತ ಅರ್ತ್ ಬಿಟ್ಟಿದ್ದರೆ, ಇಲ್ಲವೇ ಅದರೊಳಗೆ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ಅಂಟಿಕೊಂಡಿದ್ದರೆ ಪೂರಾ 12 ವೋಲ್ಟ್ ಗೇಜಿಗೆ ನುಗ್ಗುತ್ತದೆ. ಇದು ಕರೆಂಟನ್ನು ಕೊಟ್ಟು ಕಿತ್ತು ಕೆಲಸ ಮಾಡುವ ವಸ್ತು, ಆದ್ದರಿಂದ ಡಿಜಿಟಲ್ ಮೀಟರಿನಲ್ಲಿ ಅಂಕಿ ಕುಣಿಯುತ್ತದೆ. ಮೀಟರ್ ಕೆಟ್ಟಿದೆ ಅಂದುಕೊಂಡು ನಾನೇ ಅದರ ಬ್ಯಾಟರಿ ಬದಲಾಯಿಸಿದ್ದೆ. ಟೆಸ್ಟ್ ಲ್ಯಾಂಪ್ ಹಾಕಿದರೆ ಮಿಣುಕುವುದು ಕಣ್ಣಿಗೇ ಕಾಣುತ್ತದೆ.

ಚಿಕ್ಕಪ್ಪನ ಜೀಪಿನಲ್ಲಿ ಗೇಜು ಮೂರೂ ರೆಸಿಸ್ಟರಿಗೆ ಸರಿಯಾಗಿ ಉತ್ತರ ಕೊಟ್ಟಿತು. ಉಳಿದಿದ್ದು ಟ್ಯಾಂಕಿನ ಕಡೆ. ಕೀ ಆಫ್, ವಯರ್ ಬಿಚ್ಚಿದೆ. ಮೀಟರಿನ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬಂದ ಅರ್ಧ ಓಮನ್ನು ಕಳೆದುಕೊಂಡೆ. ಯೂನಿಟ್ಟಿನ ಟರ್ಮಿನಲ್ಲಿನಿಂದ ಯೂನಿಟ್ಟಿನ ಬಾಡಿಗೆ 11 ಓಮ್. ಅದೇ ಟರ್ಮಿನಲ್ಲಿನಿಂದ ಬ್ಯಾಟರಿ ಮೈನಸ್ಸಿಗೆ 27. ಒಂದೇ ಟರ್ಮಿನಲ್, ಎರಡು ಅಂಕಿ. ನಡುವಿನ 16 ಓಮ್ ಎಲ್ಲಿಂದ ಬಂತು? ಯೂನಿಟ್ ಸರಿಯಿತ್ತು. ಹಾಗಾದರೆ ಹೊಸದಾಗಿ ಹಾಕಿಸಿದ್ದ ಎರಡೂ ದಂಡ. ಆ ಎರಡು ಅಂಕಿ ಕಾಗದದ ಮೇಲೆ ಅಕ್ಕಪಕ್ಕ ಬಿದ್ದ ಗಳಿಗೆಯಲ್ಲಿ ನನಗಾದ ಖುಷಿ ಹೇಳತೀರದು.

ಟ್ಯಾಂಕು ರಬ್ಬರ್ ಪ್ಯಾಡಿನ ಮೇಲೆ ಕೂತಿತ್ತು, ಅದಕ್ಕೆ ಅರ್ತ್ ಸಿಗುವುದು ಒಂದು ಗಿಡ್ಡ ಕಪ್ಪು ವಯರಿನಿಂದ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೆ, ನೀರು ಬಿಟ್ಟ ಕಬ್ಬಿನ ಗದ್ದೆಯ ಬದಿಯಲ್ಲಿ ಓಡುವ ಗಾಡಿ, ಚಕ್ರ ಎರಚಿದ ಕೆಸರೆಲ್ಲ ಅಲ್ಲೇ ಮೆತ್ತಿಕೊಂಡಿತ್ತು. ಬೋಲ್ಟ್ ಬಿಚ್ಚಿದಾಗ ವಯರಿನ ಕಣ್ಣಿ ಪುಡಿಯಾಗಿ ಕೈಗೆ ಬಂತು. ಕೆಳಗಿನ ಚಾಸಿಯ ಜಾಗ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು.

ಯೂನಿಟ್ಟೇ ತಪ್ಪಾಗಿದ್ದರೆ ಹೊರಗೆ ತೆಗೆಯಬೇಕು. ತೋಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನ ಎತ್ತುತ್ತಾ ಮೀಟರ್ ನೋಡಿ: ಅಂಕಿ ಸರಾಗವಾಗಿ ಇಳಿಯಬೇಕು, ನಡುವೆ ಎಲ್ಲಾದರೂ ಓಪನ್ (ದಾರಿ ಕಡಿದಿದೆ ಎಂದು) ತೋರಿಸಿದರೆ ತಂತಿ ಅಲ್ಲಿ ಸವೆದಿದೆ. ಹಿತ್ತಾಳೆ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕುಲುಕಿದರೆ ತೂತಾಗಿದೆ. ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗವೇ ತೂತು. ಒಳಗೆ ಪೆಟ್ರೋಲ್ ಇರುವ ಫ್ಲೋಟಿಗೆ ಬೆಸುಗೆ ಹಾಕಲು ದಯವಿಟ್ಟು ಹೋಗಬೇಡಿ, ಅದು ಸಿಡಿಯುತ್ತದೆ. ಹೊಸ ಫ್ಲೋಟ್ ತನ್ನಿ.

ಜಿಪ್ಸಿಯಂಥ ಪೆಟ್ರೋಲ್ ಗಾಡಿಯಾದರೆ ಇನ್ನೂ ಎಚ್ಚರ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಪಿಟ್ಟಿನಲ್ಲಿ (ಗಾಡಿಯ ಕೆಳಗೆ ನಿಂತು ಕೆಲಸ ಮಾಡುವ ಗುಂಡಿಯಲ್ಲಿ) ತುಂಬಿಕೊಳ್ಳುತ್ತದೆ. ಯೂನಿಟ್ ಬಿಚ್ಚುವ ಮೊದಲು ಬ್ಯಾಟರಿ ಮೈನಸ್ ತೆಗೆಯಿರಿ. ಮೇಲೆ ಹೇಳಿದ ವಯರ್ ಪರೀಕ್ಷೆಯಲ್ಲಿಯೂ ಕ್ಲಿಪ್ ಮೊದಲು, ಕೀ ಆಮೇಲೆ. ಟ್ಯಾಂಕಿನ ಹತ್ತಿರ ಕಿಡಿ ಹಾರಬಾರದು.

ಜೀಪಿನ ಚಾಸಿಯ ಜಾಗವನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿದೆ. ಹೊಸ ವಯರಿಗೆ ಹೊಸ ಕಣ್ಣಿ ಒತ್ತಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿದೆ. ಮತ್ತೆ ಟರ್ಮಿನಲ್ಲಿನಿಂದ ಬ್ಯಾಟರಿ ಮೈನಸ್ಸಿಗೆ ಅಳೆದರೆ 11. ವಯರ್ ಹಾಕಿ ಕೀ ತಿರುಗಿಸಿದಾಗ ಚಿಕ್ಕಪ್ಪ ಸ್ಟೀರಿಂಗ್ ಮೇಲೆ ಬಗ್ಗಿ ನೋಡುತ್ತಿದ್ದರು. ಮುಳ್ಳು ಅರ್ಧ ದಾಟಿತು, ಮುಕ್ಕಾಲಿನಲ್ಲಿ ಒಂದು ಗಳಿಗೆ ತಡೆದಂತೆ ಕಂಡಿತು, ಆಮೇಲೆ ಫುಲ್ಲಿನ ಗೆರೆಯ ಮೇಲೆ ಹೋಗಿ ಕೂತಿತು.