ಓದಿಲ್ಲದವರಿಗೂ ಕೆಲಸ ಕೊಡುವ ಮಿಷನ್

ಗಾರ್ಮೆಂಟ್ಸ್‌ನಲ್ಲಿ ಪೂರ್ತಿ ಶರ್ಟನ್ನು ಯಾರೂ ಒಬ್ಬರೇ ಹೊಲಿಯುವುದಿಲ್ಲ. ಒಬ್ಬರಿಗೆ ಕಾಲರ್, ಇನ್ನೊಬ್ಬರಿಗೆ ಕಫ್, ಮತ್ತೊಬ್ಬರಿಗೆ ಜೇಬು. ಯಾವ ಆಪರೇಷನ್‌ಗೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಮದ್ದೂರು, ರಾಮನಗರದ ಕಡೆಯ ಹೆಣ್ಣುಮಕ್ಕಳು ಮೊದಲು ಹೆಲ್ಪರ್ ಆಗಿ ಸೇರಿ ದಾರ ಕತ್ತರಿಸುತ್ತಾರೆ. ಆಮೇಲೆ ಮಿಷನ್ ಮೇಲೆ ಕೂತು ಒಂದೇ ಒಂದು ಆಪರೇಷನ್ ಕಲಿಯುತ್ತಾರೆ. ಕೆಲವು ವಾರ ಸಾಕು. ಮನೆಯಲ್ಲಿ ಬ್ಲೌಸ್ ಹೊಲಿದು ರೂಢಿಯಾದವರಿಗೇ ಕಷ್ಟ ಜಾಸ್ತಿ, ಕೈ ಹಳೇ ಅಭ್ಯಾಸ ಬಿಡುವುದಿಲ್ಲ!

ಹೊಲದಲ್ಲಿ ಅವರೇನು ಕಡಿಮೆ ದುಡಿಯುತ್ತಿರಲಿಲ್ಲ. ಆದರೆ ಅದೇ ಒಂದು ಗಂಟೆಯ ದುಡಿಮೆಗೆ ಇಲ್ಲಿ ಬೆಲೆ ಹೆಚ್ಚು. ನಮ್ಮ ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 45 ಮಂದಿ ಇನ್ನೂ ಕೃಷಿಯಲ್ಲಿದ್ದಾರೆ. ದೇಶದ ಆದಾಯದಲ್ಲಿ ಕೃಷಿಯ ಪಾಲು ಮಾತ್ರ ಶೇ. 18ರ ಆಸುಪಾಸು. ಸಾಫ್ಟ್‌ವೇರ್ ಎಷ್ಟೇ ಬೆಳೆದರೂ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರನ್ನು ಒಳಗೆ ಕರೆಯುವುದಿಲ್ಲ, ಅಲ್ವಾ?

ಓದಿಲ್ಲದವರಿಗೂ ಕೆಲಸ ಕೊಡುವ ಈ ದಾರಿಯನ್ನು ಬಾಂಗ್ಲಾದೇಶ ಬೇಗ ಹಿಡಿಯಿತು. 1979ರಲ್ಲಿ ಚಿತ್ತಗಾಂಗ್‌ನ ದೇಶ್ ಗಾರ್ಮೆಂಟ್ಸ್ 130 ಜನರನ್ನು ತರಬೇತಿಗೆಂದು ಕೊರಿಯಾದ ದೇವೂ ಕಂಪನಿಗೆ ಕಳಿಸಿತು. ದೇವೂ ಸುಮ್ನೆ ಕಲಿಸಲಿಲ್ಲ. ಶ್ರೀಮಂತ ದೇಶಗಳು ಕೊರಿಯಾದ ಬಟ್ಟೆಗೆ ಕೋಟಾ, ಅಂದರೆ ಇಷ್ಟೇ ತರಿಸಬೇಕು ಎಂಬ ಮಿತಿ, ಹಾಕಿದ್ದವು. ಹಾಗಾಗಿ ದೇವೂಗೆ ಹೊಲಿಸಲು ಬೇರೆ ದೇಶ ಬೇಕಿತ್ತು. ಕಲಿತು ಬಂದವರಲ್ಲಿ 115 ಮಂದಿ ಕೆಲವೇ ವರ್ಷಗಳಲ್ಲಿ ಕೆಲಸ ಬಿಟ್ಟರು. ಕೆಲವರು ಸ್ವಂತ ಕಾರ್ಖಾನೆ ಹಾಕಿದರು, ಉಳಿದವರು ಬೇರೆಯವರ ಹೊಸ ಕಾರ್ಖಾನೆ ಸೇರಿದರು. ಕಂಪನಿಗೆ ನಷ್ಟ, ದೇಶಕ್ಕೆ ಲಾಭ. ಸರ್ಕಾರವೂ ಎರಡು ಅನುಕೂಲ ಮಾಡಿಕೊಟ್ಟಿತು. ರಫ್ತಿಗೆ ಬೇಕಾದ ಬಟ್ಟೆಯನ್ನು ಸುಂಕವಿಲ್ಲದೆ ತರಿಸಬಹುದಿತ್ತು. ವಿದೇಶಿ ಬೈಯರ್ ಕೊಟ್ಟ ಎಲ್‌ಸಿ (ಹಣ ಪಾವತಿಗೆ ಬ್ಯಾಂಕ್ ಕೊಡುವ ಖಾತರಿ ಪತ್ರ) ಆಧಾರದ ಮೇಲೆ ಬ್ಯಾಂಕು ಬಟ್ಟೆ ಖರೀದಿಗೆ ಇನ್ನೊಂದು ಎಲ್‌ಸಿ ತೆರೆಯುತ್ತಿತ್ತು. ಹೀಗಾಗಿ ದೊಡ್ಡ ಬಂಡವಾಳ ಇಲ್ಲದವನೂ ಕಾರ್ಖಾನೆ ಶುರು ಮಾಡಬಹುದಿತ್ತು. ನಾವು ಮಾತ್ರ 2000ದ ಜವಳಿ ನೀತಿ ಬರುವವರೆಗೂ ದೊಡ್ಡ ಕಾರ್ಖಾನೆ ಬೆಳೆಯಲು ಬಿಡದೆ ಸಿದ್ಧ ಉಡುಪನ್ನು ಸಣ್ಣ ಕೈಗಾರಿಕೆಗೆ ಮೀಸಲಿಟ್ಟು ಕೂತಿದ್ದೆವು. ಇದು ನಮ್ಮ ಕೈಯಾರೆ ಮಾಡಿಕೊಂಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಹಾಗಂತ ಅಗ್ಗದ ಕೂಲಿಯನ್ನೇ ನಂಬಿ ಕೂರುವಂತಿಲ್ಲ. 2013ರಲ್ಲಿ ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಇಲ್ಲಿ ಪಿಎಫ್ ಹಣ ತೆಗೆಯಲು ಕೇಂದ್ರ ಹೊಸ ನಿರ್ಬಂಧ ಹೇರಿದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ರಸ್ತೆಗಿಳಿದು ಹೊಸೂರು ರಸ್ತೆ ತಡೆದರು. ಕೇಂದ್ರ ಆದೇಶ ವಾಪಸ್ ಪಡೆಯಿತು. ಮಗಳ ಫೀಸು, ಮನೆಯ ಸಾಲ ಎಲ್ಲಕ್ಕೂ ಅವರು ನೆಚ್ಚಿಕೊಂಡಿದ್ದು ಆ ಪಿಎಫ್ ದುಡ್ಡನ್ನೇ. ಹೊಲದ ಕೂಲಿಗೆ ಪಿಎಫ್ ಇರಲಿಲ್ಲ.